ಶಕ್ತಿತಸ್ತಪ: ಆಟದ ಬಯಲು ಮತ್ತು ಪರ್ವದ ನಿಯಮ



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಉತ್ತಮ ಕ್ಷಮೆಯಿಂದ ಉತ್ತಮ ಬ್ರಹ್ಮಚರ್ಯದವರೆಗಿನ ಹತ್ತು ಧರ್ಮಗಳನ್ನು ದಿನಕ್ಕೊಂದರಂತೆ ಚಿಂತಿಸುವ ಪುಣ್ಯಕಾಲವದು. ಬಸದಿಯಲ್ಲಿ ಅಭಿಷೇಕ, ಪೂಜೆ, ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳ ಪಾರಾಯಣ; ಮನೆಯಲ್ಲಿ ಉಪವಾಸ, ಏಕಭುಕ್ತ. ಕರ್ನಾಟಕದ ಶಾಲೆಗಳ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಬಹುಪಾಲು ನಡೆಯುವುದೂ ಇದೇ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿಯೇ. ಓಡುವ, ಆಡುವ ಮಕ್ಕಳಿರುವ ಶ್ರಾವಕರ ಮನೆಗಳಲ್ಲಿ ಆಗ ಒಂದು ಪ್ರಶ್ನೆ ಏಳುತ್ತದೆ: ಮಗು ಬಸದಿಗೆ ಬರಬೇಕೋ, ಬಯಲಿಗೆ ಹೋಗಬೇಕೋ?

ಪ್ರಶ್ನೆಯನ್ನು ಹೀಗೆ ಇಟ್ಟರೆ ಉತ್ತರ ದೊರೆಯದು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ಒಂದೇ ವಿಶೇಷಣವನ್ನು ಆಚಾರ್ಯರು ಇಟ್ಟಿದ್ದಾರೆ: ಶಕ್ತಿತಃ, ಎಂದರೆ ಶಕ್ತಿಗೆ ತಕ್ಕಂತೆ. ಇದಕ್ಕೆ ಎರಡು ಅಂಚುಗಳುಂಟು. ಇರುವ ಶಕ್ತಿಯನ್ನು ಅಡಗಿಸಿ ‘ನನ್ನಿಂದಾಗದು’ ಎನ್ನುವುದು ಪ್ರಮಾದ. ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸಿಕೊಳ್ಳುವುದು ಮಾನ ಕಷಾಯ. ಇವೆರಡರ ನಡುವೆ ತಪವಿದೆ. ಆದರೆ ಶಕ್ತಿಯನ್ನು ಅಳೆಯಬೇಕಾದದ್ದು ಯಾವಾಗ? ವ್ರತವನ್ನು ಹಿಡಿಯುವ ಮೊದಲೋ, ಹಿಡಿದು ಬಳಲಿದ ಮೇಲೋ?

ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಭಾವಿಸಬಹುದು. ಅಲ್ಲಿಯ ಅಜ್ಜಿ ಅನಂತನ ನೋಂಪಿಯನ್ನು ಹಿಡಿದು ಹದಿಮೂರು ವರ್ಷ ಪೂರೈಸಿದ್ದಾರೆ. ಹದಿನಾಲ್ಕನೆಯ ವರ್ಷದ ಚತುರ್ದಶಿಯಂದು ಉದ್ಯಾಪನೆ. ಮೊಮ್ಮಗಳು ಒಂಬತ್ತನೆಯ ತರಗತಿಯವಳು, ಓಟದಲ್ಲಿ ಚುರುಕು. ವರ್ಷಾಯೋಗದ ಮೊದಲ ದಿನಗಳಲ್ಲಿ ಊರಿಗೆ ಬಂದ ಮುನಿಮಹಾರಾಜರ ಮುಂದೆ ಹುಡುಗಿಯರು ನಿಯಮ ತೆಗೆದುಕೊಳ್ಳುತ್ತಿದ್ದರು. ಪಕ್ಕದ ಮನೆಯವಳು ಅನಂತ ಚತುರ್ದಶಿಯ ಉಪವಾಸವನ್ನು ಕೇಳಿದಳು. ಅದನ್ನು ಕಂಡು ಇವಳೂ ಕೈ ಮುಗಿದು ನಿಂತಳು.

“ಶಕ್ತಿ ಉಂಟೇ ಮಗೂ?” ಎಂದು ಮಹಾರಾಜರು ಕೇಳಿದರು.

“ಉಂಟು ಮಹಾರಾಜರೇ,” ಎಂದಳು.

ಶ್ರಾವಣದಲ್ಲಿ ಶಾಲೆಯ ರಿಲೇ ತಂಡಕ್ಕೆ ಅವಳ ಆಯ್ಕೆಯಾಯಿತು. ನಾಲ್ವರು ತಲಾ 100 ಮೀಟರ್ ಓಡಿ ಕೋಲನ್ನು ಕೈಯಿಂದ ಕೈಗೆ ದಾಟಿಸುವ ಓಟವದು. ತಾಲ್ಲೂಕು ಕೂಟದ ದಿನ ಗೊತ್ತಾದಾಗ ನೋಡಿದರೆ ಅದೇ ಚತುರ್ದಶಿ. ಅವಳು ಮನೆಯಲ್ಲಿಯೂ ಹೇಳಲಿಲ್ಲ, ಶಾಲೆಯಲ್ಲಿಯೂ ಹೇಳಲಿಲ್ಲ. ಉಪವಾಸವಿದ್ದೇ ಓಡಿಬಿಡುವೆನೆಂದು ಬಗೆದಳು. ಅಷ್ಟಮಿಯಂದು ಪರೀಕ್ಷೆಗೆಂದು ನೀರನ್ನೂ ಮುಟ್ಟದೆ ಸಂಜೆಯ ಅಭ್ಯಾಸಕ್ಕೆ ಹೋದಳು. ಕೋಲು ಹಿಡಿಯುವ ಹೊತ್ತಿಗೆ ಕಣ್ಣು ಕತ್ತಲೆಗಟ್ಟಿ ಕುಸಿದಳು. ಆಗ ಎಲ್ಲವೂ ಹೊರಬಿದ್ದಿತು.

ಇದರಲ್ಲಿ ಆಶ್ಚರ್ಯವಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಸಂಗ್ರಹ ಒಂದು ದಿನದ ನಿರಾಹಾರದಲ್ಲಿ ಬಹುಮಟ್ಟಿಗೆ ತೀರುತ್ತದೆ. ದೇಹದ ತೂಕದ ಶೇಕಡಾ 2ರಷ್ಟು ನೀರು ಕಳೆದರೂ, ಎಂದರೆ 50 ಕಿಲೋ ತೂಕದವರಲ್ಲಿ ಒಂದು ಲೀಟರಿನಷ್ಟು ಇಳಿದರೂ, ದೇಹದ ಕಸುವು ಕುಂದತೊಡಗುತ್ತದೆ. ಬೆಳೆಯುವ ಮಗುವಿಗೆ ಬಿಸಿಲಿನ ಓಟವೂ ನಿರ್ಜಲವೂ ಒಂದೇ ದಿನ ಸಲ್ಲವು. ಶಾಸ್ತ್ರದ ದೃಷ್ಟಿಯಿಂದಲೂ ಅವು ಕೂಡುವುದಿಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಚತುರ್ವಿಧ ಆಹಾರದ ತ್ಯಾಗವನ್ನು ಉಪವಾಸವೆಂದೂ ಒಪ್ಪೊತ್ತಿನ ಊಟವನ್ನು ಪ್ರೋಷಧವೆಂದೂ ಹೇಳಿ, ಉಪವಾಸದ ದಿನ ಆರಂಭವನ್ನೂ ಅಲಂಕಾರವನ್ನೂ ಬಿಟ್ಟು ಧರ್ಮಶ್ರವಣದಲ್ಲಿಯೂ ಧ್ಯಾನದಲ್ಲಿಯೂ ಇರಬೇಕೆಂದು ವಿಧಿಸಿದ್ದಾರೆ. ಹಸಿದು ಸ್ಪರ್ಧಿಸುವವರ ಹೊಟ್ಟೆ ಬರಿದಾಗಿರಬಹುದು. ಇಂದ್ರಿಯಗಳು ಮಾತ್ರ ಗೆಲುವಿನ ಗೆರೆಯ ಮೇಲೆಯೇ ಇರುತ್ತವೆ.

ಹುಡುಗಿ ಮಹಾರಾಜರಲ್ಲಿಗೆ ಹೋಗಿ ನಮೋಸ್ತು ಮಾಡಿ, ವ್ರತದಿಂದ ಬಿಡುಗಡೆ ಬೇಡಿದಳು. ಅವರು ಹೀಗೆಂದರು: “ಮಗೂ, ಈ ಕಟ್ಟು ಬೇರೆಯವರು ಹಾಕಿದ್ದಲ್ಲ, ನೀನೇ ಹಾಕಿಕೊಂಡದ್ದು. ಮುರಿದರೆ ಪ್ರಾಯಶ್ಚಿತ್ತವುಂಟು, ಉಳಿಸಿದರೆ ನಷ್ಟವುಂಟು. ಯಾವುದನ್ನು ಮಾಡಿದರೂ ಬಚ್ಚಿಡಬೇಡ. ಹತ್ತು ಧರ್ಮಗಳಲ್ಲಿ ಆರ್ಜವವೂ ಒಂದು.”

ಅವಳು ವ್ರತವನ್ನು ಉಳಿಸಿದಳು. ಓಟಕ್ಕೆ ಬೇರೊಬ್ಬಳು ಹೋದಳು. ಅಭ್ಯಾಸ ಸಾಲದೆ ಕೋಲು ಕೈಜಾರಿತು, ತಂಡ ಸೋತಿತು. ಬಸದಿಯಲ್ಲಿ ಉದ್ಯಾಪನೆಯ ಗಂಟೆ ಮೊಳಗುತ್ತಿದ್ದಾಗ ಆ ಸುದ್ದಿ ಬಂದಿತು. ಅಜ್ಜಿಯ ಕಣ್ಣಿನಲ್ಲಿ ಹದಿನಾಲ್ಕು ವರ್ಷಗಳ ಸಂತೋಷ. ಪಕ್ಕದಲ್ಲಿ ಕುಳಿತವಳ ಕಣ್ಣಿನಲ್ಲಿ ಮೂವರು ಗೆಳತಿಯರು.

ಭಾದ್ರಪದ ಬಹುಳ ಪಾಡ್ಯದ ಕ್ಷಮಾವಣಿಯಂದು ಊರವರೆಲ್ಲ ಬಸದಿಯಲ್ಲಿ ಪರಸ್ಪರ ಕ್ಷಮೆ ಕೇಳುತ್ತಿದ್ದರೆ, ಅವಳು ಆ ಮೂವರ ಮನೆಗಳಿಗೆ ಹೋದಳು. ಅವರು ಜೈನರಲ್ಲ, ಆ ದಿನದ ಮಹತ್ವವನ್ನು ಅರಿತವರಲ್ಲ. ಇಬ್ಬರು ‘ಹೋಗಲಿ ಬಿಡೇ’ ಎಂದರು. ಮೂರನೆಯವಳು, “ದಿನ ಗೊತ್ತಾದಾಗಲೇ ಹೇಳಿದ್ದರೆ ಇನ್ನೊಬ್ಬಳನ್ನು ತಯಾರು ಮಾಡಬಹುದಿತ್ತಲ್ಲ?” ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಹುಡುಗಿ ಅಳುತ್ತ ಬಂದು ಅಜ್ಜಿಗೆ ಹೇಳಿದಳು. “ಕೇಳುವುದು ನಿನ್ನ ಧರ್ಮ ಮಗಳೇ, ಕೊಡುವುದು ಅವಳದು. ಆದರೆ ಅವಳು ಕೇಳಿದ ಪ್ರಶ್ನೆ ಸರಿಯಾದದ್ದು,” ಎಂದರು ಅಜ್ಜಿ.

ಈ ದೃಷ್ಟಾಂತದ ತಿರುಳು ಆ ಪ್ರಶ್ನೆಯಲ್ಲಿಯೇ ಇದೆ. ಹುಡುಗಿ ವ್ರತವನ್ನು ಉಳಿಸಿದ್ದು ತಪ್ಪಲ್ಲ, ಓಟವನ್ನು ಪ್ರೀತಿಸಿದ್ದೂ ತಪ್ಪಲ್ಲ. ಪಕ್ಕದವಳನ್ನು ನೋಡಿ ಕೈ ಮುಗಿದದ್ದು ಮೊದಲ ತಪ್ಪು. ಅರಿತ ಮೇಲೂ ಮುಚ್ಚಿಟ್ಟದ್ದು ಎರಡನೆಯದು. ಶಕ್ತಿಯೆಂದರೆ ಹಸಿವನ್ನು ತಾಳುವ ಬಲ ಮಾತ್ರವಲ್ಲ. ತನ್ನ ಮಾತನ್ನು ನಂಬಿದವರು ಯಾರು, ತನ್ನ ನಿಯಮದ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬ ಎಣಿಕೆಯೂ ಅದರೊಳಗೇ ಸೇರಿದೆ. ತನ್ನ ತಪಕ್ಕೆ ಬೆರೊಬ್ಬರು ಬೆಲೆ ತೆರುವಂತಾದರೆ ಅದು ಶಕ್ತಿಯನ್ನರಿತ ತಪವಾಗದು.

ಮೊದಲೇ ಅಳೆದವರ ಒಂದು ನಿದರ್ಶನ ಅನ್ಯಮತದಲ್ಲಿಯೂ ದೊರೆಯುತ್ತದೆ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಏರಿಕ್ ಲಿಡೆಲ್ ಎಂಬ ಕ್ರೈಸ್ತ ಓಟಗಾರರು ಭಾನುವಾರ ಸ್ಪರ್ಧಿಸದ ನಿಷ್ಠೆಯುಳ್ಳವರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ಮೆಚ್ಚಿನ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರಕ್ಕೆ ಬಿದ್ದಿತು. ವೇಳಾಪಟ್ಟಿ ತಿಂಗಳುಗಳ ಮೊದಲೇ ಹೊರಬಂದಿತ್ತು. ಅವರು ಆಗಲೇ ಆ ಓಟವನ್ನು ಬಿಟ್ಟು, 400 ಮೀಟರಿಗೆ ಅಭ್ಯಾಸ ಮಾಡಿದರು. ಅದರಲ್ಲಿ 47.6 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕ ಪಡೆದರು. ಪದಕ ಬಾರದಿದ್ದರೂ ಆ ನಿಷ್ಠೆಗೆ ಕುಂದಿರಲಿಲ್ಲ. ಹೇಳಬೇಕಾದುದನ್ನು ಹೇಳಬೇಕಾದ ಕಾಲದಲ್ಲಿ ಹೇಳಿದುದೇ ಅಲ್ಲಿ ಗಮನಿಸತಕ್ಕ ಅಂಶ.

ಆದುದರಿಂದ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗಲೇ ಪಂಚಾಂಗವನ್ನೂ ಶಾಲೆಯ ದಿನಸೂಚಿಯನ್ನೂ ಜೊತೆಗಿಟ್ಟು ನೋಡುವುದು ಒಳಿತು. ಪರ್ವದ ದಿನಗಳನ್ನು ದೈಹಿಕ ಶಿಕ್ಷಕರಿಗೆ ಆಗಲೇ ತಿಳಿಸಬೇಕು. ಕೂಟದ ದಿನ ಗೊತ್ತಾಗದಿದ್ದರೆ ಉಪವಾಸದ ನಿಯಮವನ್ನು ಅವಸರದಿಂದ ಹಿಡಿಯಬೇಕಿಲ್ಲ. ಬಾಹ್ಯ ತಪಗಳು ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ಹಾಲು, ತುಪ್ಪ, ಸಕ್ಕರೆ, ಉಪ್ಪು ಮೊದಲಾದ ರಸಗಳಲ್ಲಿ ಒಂದನ್ನು ಹತ್ತು ದಿನ ಬಿಡುವುದು ರಸಪರಿತ್ಯಾಗ. ಅಭ್ಯಾಸವಿಲ್ಲದ ದಿನ ಒಂದೆರಡು ತುತ್ತು ಕಡಿಮೆ ಉಣ್ಣುವುದು ಅವಮೌದರ್ಯ. ಇವೂ ತಪವೇ. ಸಂಜೆಯ ಅಭ್ಯಾಸವನ್ನು ಅರ್ಧ ಗಂಟೆ ಮೊದಲು ಮುಗಿಸಲು ಕೇಳಿಕೊಂಡರೆ ಸೂರ್ಯಾಸ್ತದೊಳಗೆ ಊಟವಾಗಿ ರಾತ್ರಿಭೋಜನ ತ್ಯಾಗವೂ ಉಳಿಯುತ್ತದೆ. ಉಪವಾಸವಿರುವುದಾದರೆ ಆ ದಿನ ಓಟಕ್ಕೆ ಬಿಡುವಿರಲಿ; ಪಾರಣೆಯ ದಿನ ಹಗುರವಾದ ನಡಿಗೆ ಸಾಕು.

ಹಿರಿಯರಿಗೂ ಒಂದು ಕರ್ತವ್ಯವುಂಟು. ಯಾರ ಮಗು ಎಷ್ಟು ಉಪವಾಸ ಮಾಡಿತೆಂದು ಬಸದಿಯ ಜಗುಲಿಯಲ್ಲಿ ಎಣಿಸುವ ವಾಡಿಕೆಯನ್ನು ಬಿಡಬೇಕು. ಆ ಎಣಿಕೆಯೇ ಮಗುವಿನ ಬಾಯಿಂದ ‘ಉಂಟು ಮಹಾರಾಜರೇ’ ಎನ್ನಿಸುತ್ತದೆ.

ಮರುವರ್ಷ ಆ ಹುಡುಗಿ ಹತ್ತು ದಿನ ಸಿಹಿಯನ್ನು ಬಿಡುವ ನಿಯಮವನ್ನಷ್ಟೇ ಕೇಳಿದಳು. ಮಹಾರಾಜರ ಮುಂದೆ ಬರುವ ಮೊದಲೇ ಅದನ್ನು ಶಿಕ್ಷಕರಿಗೂ ಮೂವರು ಗೆಳತಿಯರಿಗೂ ಹೇಳಿ ಬಂದಿದ್ದಳು. ಹಿಂದಿನ ವರ್ಷದ ನಿಯಮಕ್ಕಿಂತ ಇದು ಕಿರಿದಾಗಿ ಕಂಡೀತು. ಆದರೆ ಇದು ಅವಳ ಸ್ವಂತದ್ದು. ವ್ರತವು ಕಿರಿದಾಗಿರಲಿ, ಹಿರಿದಾಗಿರಲಿ. ಅರಿತು ಹಿಡಿದದ್ದಾಗಿರಲಿ, ಹಿಡಿದ ಮೇಲೆ ಬಿಡದಿರಲಿ. ಸರ್ವರಿಗೂ ಸದ್ಧರ್ಮ ವೃದ್ಧಿಯಾಗಲಿ.