ಸುಖದ ಬಿಲ್ಲು

ಸಾಲಿಗ್ರಾಮದ ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ ಕಯಾಕ್ ಓಡಿಸಿದವರು ಕಾಪುವಿನ ಕಡಲಿಗೆ ಬಂದಾಗ ಮೊದಲು ಕೇಳೋದು: ಸೀಟು ಮೆತ್ತಗಿದೆಯಾ? ಆದರೆ ಕಡಲಲ್ಲಿ ಸುಖ ಎಂದರೆ ಮೆತ್ತಗಿರುವುದಲ್ಲ, ಅಳತೆಗೆ ಕೂರುವುದು. ಪಾದದ ಆಸರೆಯನ್ನು ಸರಿಸಿ, ಮಂಡಿ ಸ್ವಲ್ಪ ಮಡಚಿರುವಂತೆ, ತೊಡೆ ದೋಣಿಗೆ ತಾಗುವಂತೆ ಮಾಡಿಕೊಳ್ಳಬೇಕು. ಬೆನ್ನಾಸರೆ ಸೊಂಟದ ಮಟ್ಟಕ್ಕಿದ್ದರೆ ಸಾಕು. ಎತ್ತರವಾದರೆ ಮೈ ತಿರುಗಿಸಿ ಹುಟ್ಟು ಹಾಕೋಕೆ ಆಗಲ್ಲ. ಸೋಫಾದಲ್ಲಿ ಒರಗಿದ ಹಾಗೆ ಕೂತವರ ತೋಳು ಬೇಗ ಸೋಲುತ್ತದೆ.

ಲೈಫ್ ಜಾಕೆಟ್ ವಿಷಯ ಇನ್ನೂ ಕಷ್ಟ. ನಮ್ಮ ಸೆಕೆಗೆ ಪಟ್ಟಿ ಸಡಿಲ ಮಾಡೋಣ ಅನಿಸುತ್ತೆ. ಭುಜದ ಹತ್ತಿರ ಹಿಡಿದೆಳೆದಾಗ ಅದು ಕಿವಿವರೆಗೆ ಬಂದರೆ, ನೀರಿಗೆ ಬಿದ್ದಾಗಲೂ ಬರುತ್ತದೆ. "ನನ್ನ ಜೀವ, ನನ್ನಿಷ್ಟ" ಅನ್ನಬಹುದೇ? ಯಾರಾದರೂ ಮುಳುಗುತ್ತಿದ್ದರೆ ಹೆಚ್ಚಾಗಿ ಮೊದಲು ನೀರಿಗಿಳಿಯೋದು ದಡದಲ್ಲಿ ಬಲೆ ಸರಿಮಾಡುತ್ತಿರುವ ಮೀನುಗಾರರು. ನನ್ನ ಸಡಿಲ ಪಟ್ಟಿಯ ಸುಖಕ್ಕೆ ಅವರ ಜೀವ ಅಡವು. ಮಳೆಗಾಲವೂ ಹಾಗೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯೇ ನಿಂತಿರುತ್ತದೆ; ನಮಗೆ ಅನುಕೂಲವಾದ ವೀಕೆಂಡ್ ಕಡಲಿಗೆ ಅನುಕೂಲವಲ್ಲ.

ಹಾಗಂತ ಅನುಕೂಲ ತಪ್ಪಲ್ಲ. ಕುಡಿಯುವ ನೀರು, ಸೀಟಿ ಕೈಗೆಟುಕುವಂತೆ ಇಟ್ಟುಕೊಳ್ಳೋದೂ ಅನುಕೂಲವೇ. ಒಂದೊಂದು ಸಾಮಾನಿಗೂ ಕೇಳಬೇಕಾದ್ದು ಇಷ್ಟೇ: ಇದು ನನ್ನನ್ನು ಎಚ್ಚರವಾಗಿಡುತ್ತದೋ, ಮೈಮರೆಸುತ್ತದೋ? ಮಣಿಪಾಲದ ಫ್ಲ್ಯಾಟಿಗೆ ಕುರ್ಚಿ ಕೊಳ್ಳುವಾಗ ಈ ಪ್ರಶ್ನೆ ಬೇಡ. ಅಲ್ಲಿ ಸುಖದ ಬೆಲೆ ನಾವೇ ಕೊಡುತ್ತೇವೆ. ಕಡಲಲ್ಲಿ ಬಿಲ್ಲು ಬೇರೆಯವರ ಹೆಸರಿಗೂ ಹೋಗಬಹುದು.