ಮತವೂ ಮನಸ್ಸಾಕ್ಷಿಯೂ

ಬಹುಜನರ ಮತದಿಂದ ಅಧಿಕಾರ ಪಡೆದವನು ಪ್ರಥಮತಃ ಯಾರಿಗೆ ಋಣಿ, ಶಾಸನಕ್ಕೋ, ತನ್ನನ್ನು ಆರಿಸಿದ ಆರ್ತರಿಗೋ ಎಂಬ ಧರ್ಮಜಿಜ್ಞಾಸೆಗೆ ಪೂರ್ವ ಲಂಡನ್ನಿನ ಪಾಪ್ಲರ್ ಪೌರಸಭೆಯ ಇತಿಹಾಸಕ್ಕಿಂತ ಉಜ್ಜ್ವಲವಾದ ನಿದರ್ಶನ ವಿರಳ. 1919ರ ನವೆಂಬರಿನ ಚುನಾವಣೆಯಲ್ಲಿ 42 ಸ್ಥಾನಗಳ ಪೈಕಿ 39ನ್ನು ಗೆದ್ದ ಲೇಬರ್ ಪಕ್ಷದವರು, ನಿರುದ್ಯೋಗದಿಂದ ಕಂಗೆಟ್ಟ ಹಡಗುಕಟ್ಟೆಯ ಬಡವರ ಮೇಲೆಯೇ ತೆರಿಗೆಯ ಭಾರ ಅಧಿಕವಾಗಿ ಬೀಳುವುದನ್ನು ಕಂಡು, ಲಂಡನ್ ಕೌಂಟಿಗೆ ಸಲ್ಲತಕ್ಕ ಪಾಲನ್ನು ವಸೂಲು ಮಾಡಲೊಲ್ಲೆವೆಂದು 1921ರಲ್ಲಿ ನಿರ್ಧರಿಸಿದರು. ನ್ಯಾಯಾಲಯದ ಆಜ್ಞೆಯನ್ನು ಮೀರಿದ್ದಕ್ಕಾಗಿ, ನಿಷ್ಠಾವಂತ ಕ್ರೈಸ್ತನಾದ ಜಾರ್ಜ್ ಲ್ಯಾನ್ಸ್‌ಬರಿಯ ನಾಯಕತ್ವದಲ್ಲಿ 30 ಮಂದಿ ಸದಸ್ಯರು ಸೆರೆಮನೆ ಸೇರಿದರು. ಬ್ರಿಕ್ಸ್‌ಟನ್ ಕಾರಾಗೃಹದೊಳಗೇ ಪೌರಸಭೆ ಕೂಡಿತು. ಹಾಲೊವೇ ಸೆರೆಯಲ್ಲಿದ್ದ ಸದಸ್ಯೆಯರನ್ನು ಮೋಟಾರಿನಲ್ಲಿ ಅಲ್ಲಿಗೆ ಕರೆತಂದರು. ಸುಮಾರು ಆರು ವಾರಗಳ ಬಳಿಕ ಬಿಡುಗಡೆಯಾಯಿತು. ದರಿದ್ರಪೋಷಣೆಯ ವೆಚ್ಚವನ್ನು ಲಂಡನ್ನೆಲ್ಲವೂ ಹಂಚಿಕೊಳ್ಳುವ ಶಾಸನವೂ ಅದೇ ವರ್ಷ ಬಂದಿತು. 1922ರ ಚುನಾವಣೆಯಲ್ಲಿ ಮತದಾರರು ಆ ಪಕ್ಷಕ್ಕೇ ಮತ್ತೆ ಬಹುಮತವಿತ್ತರು.

ಶಾಸನವನ್ನು ಉಲ್ಲಂಘಿಸುವವರೆಲ್ಲರೂ ಧರ್ಮಾತ್ಮರೆನ್ನಲಾಗದು. ಆದರೆ ಉಲ್ಲಂಘನೆಯ ದಂಡವನ್ನು ತಾನೇ ಹೊತ್ತು, ಅದರ ಫಲವನ್ನು ದೀನರಿಗೆ ಬಿಟ್ಟು, ಪುನಃ ಮತದಾರರ ತೀರ್ಪಿಗೆ ತಲೆಬಾಗುವವನು ಶಾಸನವನ್ನೇ ಶುದ್ಧಿಗೊಳಿಸುತ್ತಾನೆ. 1965ರಲ್ಲಿ ಆ ಪೌರಸಭೆ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ವಿಲೀನವಾಯಿತು. ಅದು ಎತ್ತಿಹಿಡಿದ ಧರ್ಮವಾದರೋ ಎಲ್ಲ ಜನಪ್ರತಿನಿಧಿಗಳಿಗೂ ಇಂದಿಗೂ ಅನ್ವಯಿಸತಕ್ಕದ್ದು.