ಅಗ್ನಿತೀರ್ಥದ ನೀರು

ರಾಮೇಶ್ವರದ ದೇವಾಲಯಕ್ಕೆ ಪೂರ್ವದಲ್ಲಿರುವ ಅಗ್ನಿತೀರ್ಥದಲ್ಲಿ, ಅಲೆಯೇ ಇಲ್ಲವೆನ್ನುವಷ್ಟು ಶಾಂತವಾದ ಕಡಲಿನಲ್ಲಿ, ಸಂಕಲ್ಪಪೂರ್ವಕವಾಗಿ ಮುಳುಗಿದ ಯಾತ್ರಿಕನು ಅನಂತರ ಗುಡಿಯೊಳಗಣ 22 ತೀರ್ಥಗಳಿಗೆ ತೆರಳುವುದು ಸಂಪ್ರದಾಯ. ಅಶ್ವತ್ಥವನ್ನು ಶನಿವಾರದಂದಲ್ಲದೆ, ಸಮುದ್ರವನ್ನು ಪರ್ವದಿನದಂದಲ್ಲದೆ ಮುಟ್ಟಲಾಗದೆಂದು ವಿಧಿಸಿದ ಪೂರ್ವಿಕರು ಇಲ್ಲಿಯ ಸೇತುಸ್ನಾನಕ್ಕೆ ಮಾತ್ರ ಕಾಲನಿಯಮವಿಲ್ಲವೆಂದರು. ಅಷ್ಟು ಹಿರಿದು ಆ ನೀರಿನ ಮಹಿಮೆ. ಅಂಥ ನೀರಿಗೆ ಪಟ್ಟಣದ ಕೊಳಚೆ ಬಂದು ಸೇರುತ್ತಿದೆಯೆಂಬ ದೂರು ವರ್ಷಗಳಿಂದಲೂ ಕೇಳಿಬರುತ್ತಿದೆ.

ಸಕಲ ನದಿಗಳನ್ನೂ ಒಡಲಲ್ಲಿ ಧರಿಸಿಯೂ ಕೆಡದ ಸಾಗರಕ್ಕೆ ನಾಲ್ಕು ಮೋರಿಗಳು ಏನು ಮಾಡಿಯಾವು, ತೀರ್ಥಕ್ಕೂ ಮೈಲಿಗೆಯುಂಟೆ, ಎಂದು ಶ್ರದ್ಧಾಳುಗಳು ಕೇಳುವುದುಂಟು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ: ಉಪ್ಪೂ ಬಿಸಿಲೂ ಮಲಜನ್ಯ ಬ್ಯಾಕ್ಟೀರಿಯಗಳಲ್ಲಿ ಬಹುಪಾಲನ್ನು ಕೊಲ್ಲುತ್ತವೆ. ಆದರೆ ಎಂಟರೊಕಾಕಸ್ ಎಂಬ ಜಾತಿಯದು ಉಪ್ಪುನೀರಿನಲ್ಲಿ ಇ. ಕೋಲಿಗಿಂತ ಹೆಚ್ಚು ಕಾಲ ಬದುಕುತ್ತದೆ. ಕಾಮಾಲೆ, ವಾಂತಿಭೇದಿಗಳನ್ನು ತರುವ ವೈರಸ್‌ಗಳು ಇನ್ನೂ ಗಟ್ಟಿ. ಮೇಲಾಗಿ, ಅಲೆಗಳ ಮಥನವಿಲ್ಲದ ಆಳವಿಲ್ಲದ ತೀರದಲ್ಲಿ ಹೊಲಸು ಬೇಗ ಚದುರದೆ, ಮುಳುಗುವವರ ಸುತ್ತಲೇ ಸುಳಿಯುತ್ತಿರುತ್ತದೆ. ಸ್ನಾನಕ್ಕೆ ಯೋಗ್ಯವಾದ ಕಡಲನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಗಳು 100ನ್ನು ಮೀರಕೂಡದೆಂದು ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಮಲಿನ ಕಡಲಿನ ಸ್ನಾನದಿಂದ ಜಗತ್ತಿನಲ್ಲಿ ವರ್ಷಕ್ಕೆ 12 ಕೋಟಿಗೂ ಮಿಕ್ಕಿದ ಉದರರೋಗದ ಪ್ರಕರಣಗಳು ಸಂಭವಿಸುತ್ತವೆಂದು 2003ರಲ್ಲಿ ಪ್ರಕಟವಾದ ಒಂದು ಅಂದಾಜು ತಿಳಿಸಿತು. ಕಿವಿ, ಕಣ್ಣು, ಚರ್ಮಗಳ ಬೇನೆ ಬೇರೆ. ಎಲ್ಲರಿಗಿಂತ ಹೆಚ್ಚು ನೀರು ನುಂಗುವವು ಮಕ್ಕಳು.

ಪಾವಿತ್ರ್ಯವೇ ಬೇರೆ, ನೈರ್ಮಲ್ಯವೇ ಬೇರೆ ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ನಮ್ಮ ಶಾಸ್ತ್ರವೂ ಒಪ್ಪಿದಂತೆ ಕಾಣೆ. ನೀರಿನಲ್ಲಿ ಮಲಮೂತ್ರವಿರಲಿ, ಉಗುಳನ್ನು ಸಹ ಬಿಡಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ನಿಷೇಧಿಸುತ್ತದೆ. ಅನ್ಯತ್ರ ಮಾಡಿದ ಪಾಪ ಪುಣ್ಯಕ್ಷೇತ್ರದಲ್ಲಿ ತೊಳೆದುಹೋದೀತು, ಪುಣ್ಯಕ್ಷೇತ್ರದಲ್ಲಿಯೇ ಮಾಡಿದ್ದು ವಜ್ರಲೇಪವಾಗುವುದೆಂಬ ಹಿರಿಯರ ಮಾತನ್ನು ಕೇಳದ ಆಸ್ತಿಕನಾರು? ಯಾತ್ರಿಕನು ತಂಗಿದ ಕೋಣೆಯ ಹೊಲಸೇ ಮರುದಿನ ಅವನ ಪಕ್ಕದಲ್ಲಿ ಮುಳುಗುವ ಕೂಸಿನ ಬಾಯಿಗೆ ಹೋಗುವುದಾದರೆ, ಅದು ಸಾಗರದ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಅದು ಹಿಂಸೆ, ಮತ್ತು ಕ್ಷೇತ್ರದಲ್ಲಿಯೇ ಎಸಗಿದ ಹಿಂಸೆ.

ಸೇತುಯಾತ್ರೆಗೆ ಹೊರಟಿರುವ ಬಂಧುಗಳಲ್ಲಿ ನನ್ನದೊಂದು ಪ್ರಾರ್ಥನೆಯಿದೆ: ಸಂಕಲ್ಪಕ್ಕೆ ಕುಳಿತುಕೊಳ್ಳುವ ಮುನ್ನ, ತಾವು ಇಳಿದುಕೊಂಡಿರುವ ಛತ್ರದ ಬಚ್ಚಲುನೀರು ಎಲ್ಲಿಗೆ ಹರಿಯುತ್ತದೆಂಬುದನ್ನು ಅದರ ಯಜಮಾನರಲ್ಲಿ ದಯವಿಟ್ಟು ವಿಚಾರಿಸಿರಿ.